ಬುಟ್ಟಿಯಲ್ಲಿ ಕೂತ ಬುರ್ರಣ್ಣ

“ಅಲ್ಲಾಡಬೇಡ ಕಣೋ! ಹತ್ತರವರೆಗೆ ಎಣಿಸ್ತೀನಿ, ಅಷ್ಟೇ. ಆಮೇಲೆ ಬೇಕಾದಷ್ಟು ಬಿದ್ಕೋ!”

ಚೂಟಿ ತಮ್ಮನ ಬೆನ್ನ ಹಿಂದೆ ಇನ್ನೊಂದು ದಿಂಬು ತುರುಕಿದಳು. ತಮ್ಮ ಒಗೆಯುವ ಬಟ್ಟೆ ಹಾಕುವ ಬುಟ್ಟಿಯೊಳಗೆ ಇದ್ದ. ಅವನ ಬಲಗಡೆ ಒಂದು ದಿಂಬು, ಎಡಗಡೆ ಅಪ್ಪನ ಸ್ವೆಟರ್, ಮುಂದೆ ಸುರುಳಿ ಸುತ್ತಿದ ಟವೆಲ್. ಇಷ್ಟೆಲ್ಲದರ ಮೇಲೆ ಒಂದು ಬೋಳು ತಲೆ ಮತ್ತು ಎರಡು ದುಂಡು ಕಣ್ಣು ಮಾತ್ರ ಕಾಣುತ್ತಿದ್ದವು.

“ಒಂದು, ಎರಡು, ಮೂರು, ನಾಲ್ಕು...”

ತಮ್ಮ ಅವಳನ್ನೇ ಪಿಳಿಪಿಳಿ ನೋಡಿದ. ತುಟಿ ಮುಂದೆ ಚಾಚಿದ. “ಬುರ್ರ್ರ್ರ್!”

ಜೊಲ್ಲು ನೇರವಾಗಿ ಚೂಟಿಯ ಮೂಗಿನ ಮೇಲೆ ಬಿತ್ತು.

ಅವನಿಗೆ ಚೆಂದದ ಹೆಸರೊಂದು ಇತ್ತು. ಆದರೆ ಅದು ಆಸ್ಪತ್ರೆಯ ಕಾರ್ಡಿನಲ್ಲಿ ಮಾತ್ರ. ಹಸಿವಾದರೂ ಬುರ್ರ್, ಖುಷಿಯಾದರೂ ಬುರ್ರ್, ಯಾರಾದರೂ ಸೀನಿದರೂ ಬುರ್ರ್. ಹಾಗಾಗಿ ಮನೆಯವರೆಲ್ಲ ಅವನನ್ನು ಬುರ್ರಣ್ಣ ಎಂದೇ ಕರೆಯುತ್ತಿದ್ದರು. ಈ ‘ಅಣ್ಣ’ನಿಗೆ ಆಗಿದ್ದದ್ದು ಐದು ತಿಂಗಳು, ಹದಿನೇಳು ದಿನ.

“...ಒಂಬತ್ತು, ಹತ್ತು! ಪಾಸ್!”

ಚೂಟಿ ಮೂಗು ಒರೆಸಿಕೊಂಡು ನೋಟ್‌ಬುಕ್ ತೆಗೆದಳು. ‘ತಾನೇ ಕೂರುತ್ತಾನೆ’ ಎಂಬ ಸಾಲಿನ ಮುಂದೆ ದೊಡ್ಡದಾಗಿ ಒಂದು ಟಿಕ್ ಹಾಕಿದಳು. ಬುಟ್ಟಿಯ ವಿಷಯ ಬರೆಯಲಿಲ್ಲ. ದಿಂಬಿನ ವಿಷಯವನ್ನೂ ಬರೆಯಲಿಲ್ಲ. ಅಪ್ಪನ ಸ್ವೆಟರಿನ ಸುದ್ದಿಗಂತೂ ಹೋಗಲೇ ಇಲ್ಲ.

ನೋಟ್‌ಬುಕ್ ಶಾಲೆಯದು. ‘ಯಾವುದಾದರೂ ಒಂದು ಜೀವಿಯನ್ನು ದಿನಾ ನೋಡಿ, ಕಂಡದ್ದನ್ನು ಬರೆಯಿರಿ’ ಎಂದು ವಿಜ್ಞಾನದ ಮಿಸ್ ಹೇಳಿದ್ದರು. ಕ್ಲಾಸಿನಲ್ಲಿ ಹದಿನೆಂಟು ಜನ ಹುರುಳಿ ಕಾಳು ನೆನೆಹಾಕಿದರು. ಇಬ್ಬರು ಇರುವೆ ಹಿಡಿದರು. ಒಬ್ಬಳು ಪಕ್ಕದ ಮನೆಯ ಬೆಕ್ಕಿನ ಹಿಂದೆ ಬಿದ್ದಳು. ಚೂಟಿ ಮಾತ್ರ, “ಮಿಸ್, ನಮ್ಮನೇಲಿ ಒಂದು ಜೀವಿ ಇದೆ, ಅದಕ್ಕೆ ನೀರು ಹಾಕೋದೇ ಬೇಡ, ಅದೇ ನಮಗೆ ಹಾಕುತ್ತೆ” ಎಂದಿದ್ದಳು.

ಆದರೆ ಬುರ್ರಣ್ಣನನ್ನು ಬುಟ್ಟಿಯಲ್ಲಿ ಕೂರಿಸಿದ್ದಕ್ಕೆ ಕಾರಣ ಶಾಲೆಯಲ್ಲ. ಕಾರಣ ಸೈಕಲ್.

ಚೂಟಿಯ ಅಮ್ಮನಿಗೆ ಅಂಚೆ ಕಚೇರಿಯಲ್ಲಿ ಕೆಲಸ. ಸೈಕಲ್ ಮೇಲೆ ಮನೆಮನೆಗೆ ಹೋಗಿ ಕಾಗದ ಕೊಡುವ ಕೆಲಸ. ಅಮ್ಮ ಒಂದು ಕೈಯಲ್ಲಿ ಕಾಗದದ ಕಟ್ಟು ಹಿಡಿದು, ಇನ್ನೊಂದು ಕೈಯಲ್ಲಿ ಬೆಲ್ ಹೊಡೆಯುತ್ತಾ ನಾಯಿ ಅಟ್ಟಿಸಿಕೊಂಡು ಬಂದರೂ ಬೀಳದೆ ಸೈಕಲ್ ಹೊಡೆಯಬಲ್ಲಳು. ಈಗ ಅಮ್ಮ ರಜೆಯಲ್ಲಿದ್ದಳು. ಸೈಕಲ್ ಮೆಟ್ಟಿಲ ಕೆಳಗೆ ಧೂಳು ತಿನ್ನುತ್ತಿತ್ತು.

ಮತ್ತು ಅಂತಹ ಅಮ್ಮನ ಮಗಳಿಗೆ ಹತ್ತು ವರ್ಷವಾದರೂ ಸೈಕಲ್ ಬರುತ್ತಿರಲಿಲ್ಲ. ಕ್ಲಾಸಿನಲ್ಲಿ ಎಲ್ಲರಿಗೂ ಬರುತ್ತಿತ್ತು. ‘ನಿಮ್ಮಮ್ಮ ನಿನ್ನನ್ನ ಸ್ಟ್ಯಾಂಪ್ ಅಂಟಿಸಿ ಶಾಲೆಗೆ ಕಳಿಸ್ತಾರೇನೇ?’ ಎಂದು ಹುಡುಗರು ಕಿಚಾಯಿಸುತ್ತಿದ್ದರು.

“ಅಮ್ಮ, ಸೈಕಲ್ ಯಾವಾಗ ಕಲಿಸ್ತೀಯಾ?” ಎಂದು ಒಂದು ಸಂಜೆ ಚೂಟಿ ನೂರನೇ ಸಲ ಕೇಳಿದಾಗ, ಅಮ್ಮ ಒದ್ದೆ ಬಟ್ಟೆ ಹಿಂಡುತ್ತಾ, “ಅವನು ಊಟ ಶುರು ಮಾಡ್ಲಿ ತಾಯಿ, ಆಮೇಲೆ ನೋಡೋಣ. ಈಗ ಎರಡು ಗಂಟೆಗೊಂದ್ಸಲ ನಾನೇ ಅವನ ಹೋಟ್ಲು” ಎಂದುಬಿಟ್ಟಳು.

ಅಷ್ಟು ಸಾಕಾಯಿತು. ಬುರ್ರಣ್ಣ ಆದಷ್ಟು ಬೇಗ ಊಟ ಶುರು ಮಾಡಬೇಕು ಎಂದು ಚೂಟಿ ಆವತ್ತೇ ನಿರ್ಧರಿಸಿದಳು.

ಊಟದ ವಿಷಯದಲ್ಲಿ ಮನೆಯಲ್ಲಿ ಮೊದಲೇ ಮೂರು ಪಕ್ಷಗಳಿದ್ದವು.

ಅಜ್ಜಿಯದು ‘ಇವತ್ತೇ’ ಪಕ್ಷ. ಅಜ್ಜಿ ಮೂವತ್ತೊಂದು ವರ್ಷ ರೈಲ್ವೆ ಸ್ಟೇಷನ್ನಿನಲ್ಲಿ ಮೈಕ್ ಮುಂದೆ ಕೂತು ರೈಲು ಬರುವುದನ್ನೂ ಹೋಗುವುದನ್ನೂ ಹೇಳಿದವರು. ಕೆಲಸ ಬಿಟ್ಟು ಆರು ವರ್ಷವಾಗಿದ್ದರೂ ಆ ದನಿ ಅವರನ್ನು ಬಿಟ್ಟಿರಲಿಲ್ಲ. “ದಯವಿಟ್ಟು ಗಮನಿಸಿ. ಬಚ್ಚಲುಮನೆಗೆ ಹೋಗಿರುವ ನನ್ನ ಮಗ ಇಪ್ಪತ್ತು ನಿಮಿಷ ತಡವಾಗಿ ಹೊರಬರಲಿದ್ದಾನೆ. ಆಗಿರುವ ಅಡಚಣೆಗೆ ವಿಷಾದಿಸುತ್ತೇವೆ” ಎಂದು ಅವರು ನಡುಮನೆಯಿಂದ ಹೇಳಿದರೆ ಮೇಲಿನ ಮನೆಯವರಿಗೂ ಕೇಳುತ್ತಿತ್ತು.

“ನನ್ನ ಮಗನಿಗೆ ನಾನು ಮೂರೂವರೆ ತಿಂಗಳಿಗೇ ಬಾಳೆಹಣ್ಣು ತಿನ್ನಿಸಿದ್ದೆ. ಹೇಗಾಗಿದಾನೆ ನೋಡು!” ಎನ್ನುತ್ತಿದ್ದರು ಅಜ್ಜಿ.

“ಅದನ್ನೇ ದಿನಾ ನೋಡ್ತಿದೀನಲ್ಲ ಅತ್ತೆ, ಅದಕ್ಕೇ ಭಯ” ಎನ್ನುತ್ತಿದ್ದಳು ಅಮ್ಮ.

ಅಪ್ಪನದು ‘ನಾಳೆ’ ಪಕ್ಷ. ಅಪ್ಪ ಬಡಗಿ. ಬುರ್ರಣ್ಣನಿಗೆ ಎರಡು ತಿಂಗಳಾಗಿದ್ದಾಗಲೇ ಅವನು ಊಟಕ್ಕೆ ಕೂರಲು ಎತ್ತರದ ಕುರ್ಚಿಯೊಂದನ್ನು ಅಪ್ಪ ಮಾಡಿ ಮುಗಿಸಿದ್ದ. ಅದಕ್ಕೆ ಮುಂದುಗಡೆ ತಟ್ಟೆ ಇಡುವ ಹಲಗೆ, ಕಾಲಿಡಲು ಪಟ್ಟಿ, ಬೆಲ್ಟು, ಹಿಂದೆ ಕೆತ್ತಿದ ಒಂದು ಆನೆ. ಆನೆ ಸ್ವಲ್ಪ ಹಂದಿಯ ಹಾಗೆ ಕಾಣುತ್ತಿತ್ತು, ಆದರೆ ಹಾಗೆಂದು ಯಾರೂ ಅಪ್ಪನ ಮುಂದೆ ಹೇಳುತ್ತಿರಲಿಲ್ಲ. ಅಪ್ಪ ದಿನಾ ಬೆಳಿಗ್ಗೆ ಆ ಕುರ್ಚಿಯನ್ನು ಒರೆಸಿ, ನಿಟ್ಟುಸಿರು ಬಿಟ್ಟು ಕೆಲಸಕ್ಕೆ ಹೋಗುತ್ತಿದ್ದ.

ಅಮ್ಮನದು ‘ಆರು ತಿಂಗಳಾಗ್ಲಿ’ ಪಕ್ಷ. ಆ ಪಕ್ಷದಲ್ಲಿ ಅಮ್ಮ ಒಬ್ಬಳೇ ಇದ್ದಳು. ಆದರೂ ಅದೇ ಗೆಲ್ಲುತ್ತಿತ್ತು.

ಕೊನೆಗೆ ತೀರ್ಪಿಗಾಗಿ ಎಲ್ಲರೂ ಆಸ್ಪತ್ರೆಯ ನರ್ಸಮ್ಮನ ಹತ್ತಿರ ಹೋದರು. ನರ್ಸಮ್ಮ ಬುರ್ರಣ್ಣನನ್ನು ತೂಕದ ತಟ್ಟೆಯ ಮೇಲೆ ಮಲಗಿಸಿದರು. ಬುರ್ರಣ್ಣ ತಟ್ಟೆಯ ಮೇಲೆ ಉಚ್ಚೆ ಹೊಯ್ದ.

“ತೂಕ ಚೆನ್ನಾಗಿದೆ. ಈಗ ಸ್ವಲ್ಪ ಕಮ್ಮಿ ಆಯ್ತು” ಎಂದರು ನರ್ಸಮ್ಮ. “ಊಟ ಆರು ತಿಂಗಳ ಹತ್ತಿರಕ್ಕೆ ಶುರು ಮಾಡಿ. ಆದ್ರೆ ಬರೀ ಕ್ಯಾಲೆಂಡರ್ ನೋಡ್ಬೇಡಿ, ಮಗೂನೂ ನೋಡಿ. ಕತ್ತು ಗಟ್ಟಿಯಾಗಿ ನಿಲ್ಬೇಕು, ಸ್ವಲ್ಪ ಆಸರೆ ಕೊಟ್ರೆ ನೆಟ್ಟಗೆ ಕೂರ್ಬೇಕು. ತಿನ್ನೋದು ಕಂಡ್ರೆ ಕೈ ಚಾಚ್ಬೇಕು. ಬಾಯಿಗಿಟ್ಟಿದ್ದನ್ನ ನಾಲಿಗೆಯಿಂದ ಆಚೆ ತಳ್ಳಬಾರದು. ಈ ಮೂರೂ ಬಂತು ಅಂದ್ರೆ ಅವನು ರೆಡಿ ಅಂತ ಅರ್ಥ.”

“ಅಲ್ಲಿವರೆಗೆ ನಾಲಿಗೆಗೆ ಒಂದು ತೊಟ್ಟು ಜೇನುತುಪ್ಪ?” ಎಂದು ಅಜ್ಜಿ ಮೆಲ್ಲಗೆ ಕೇಳಿದರು.

“ಜೇನುತುಪ್ಪ ಒಂದು ವರ್ಷ ತುಂಬೋವರೆಗೂ ಬೇಡವೇ ಬೇಡ ಅಜ್ಜಿ.”

ಅಜ್ಜಿ ಪ್ಲಾಟ್‌ಫಾರ್ಮ್ ತಪ್ಪಿದ ರೈಲಿನಂತೆ ಹಿಂದೆ ಸರಿದರು. ಚೂಟಿಯ ಕಿವಿ ಮಾತ್ರ ನೆಟ್ಟಗಾಯಿತು. ಮೂರು ಗುರುತು. ಮೂರು ಟಿಕ್. ಅಷ್ಟೇ ತಾನೇ?

“ಗುರುತು ನೋಡೋ ಕೆಲಸ ನಂಗೆ ಕೊಡಿ. ನಂದು ಹೇಗೂ ನೋಟ್‌ಬುಕ್ ಇದೆ” ಎಂದಳು ಚೂಟಿ.

“ಜಾಣೆ!” ಎಂದಳು ಅಮ್ಮ. ಆ ಮಾತು ಚೂಟಿಗೆ ಸ್ವಲ್ಪ ಚುಚ್ಚಿತು. ಆದರೆ ಸ್ವಲ್ಪವೇ.

ಮೊದಲನೇ ಟಿಕ್ ಬುಟ್ಟಿಯಲ್ಲಿ ಸಿಕ್ಕಿತು.

ಎರಡನೆಯದಕ್ಕೆ ಚೂಟಿ ಬುರ್ರಣ್ಣನ ಮುಂದೆ ಒಂದು ಸೇಬು ಹಿಡಿದಳು. ಅವನು ಎರಡೂ ಕೈ ಚಾಚಿದ. ಟಿಕ್! ಆಮೇಲೆ ಅವನು ಅಜ್ಜಿಯ ಕನ್ನಡಕಕ್ಕೂ ಕೈ ಚಾಚಿದ. ಅಪ್ಪನ ಪೆನ್ಸಿಲ್‌ಗೆ, ಚೂಟಿಯ ಜಡೆಗೆ, ಬಾಗಿಲ ಪಕ್ಕದ ಚಪ್ಪಲಿಗೆ ಕೂಡ ಚಾಚಿದ. ಚಪ್ಪಲಿಗೆ ಚಾಚಿದಾಗ ಅವನ ಮುಖದಲ್ಲಿ ಸೇಬಿಗಿಂತ ಹೆಚ್ಚು ಆಸೆ ಇತ್ತು. ಚೂಟಿ ಸೇಬನ್ನು ಮಾತ್ರ ಬರೆದಳು.

ಮೂರನೆಯದು ಕಷ್ಟವಾಯಿತು. ಚೂಟಿ ಬರೀ ಚಮಚವನ್ನು ಚೆನ್ನಾಗಿ ತೊಳೆದು ಅವನ ತುಟಿಗೆ ಇಟ್ಟಳು. ನಾಲಿಗೆ ಬಂದು ಚಮಚವನ್ನು ಆಚೆ ತಳ್ಳಿತು. ಮತ್ತೆ ಇಟ್ಟಳು. ಮತ್ತೆ ತಳ್ಳಿತು. ಬಾಗಿಲು ಮುಚ್ಚುವ ಕಾವಲುಗಾರನ ಹಾಗೆ ಆ ನಾಲಿಗೆ ಒಂದು ಸಲವೂ ತಪ್ಪದೆ ಬರುತ್ತಿತ್ತು. ಏಳನೇ ಸಲ ಬುರ್ರಣ್ಣನಿಗೆ ಆಕಳಿಕೆ ಬಂತು. ಬಾಯಿ ಅಗಲವಾಗಿ ತೆರೆಯಿತು, ನಾಲಿಗೆ ಒಳಗೇ ಉಳಿಯಿತು.

“ತಳ್ಳಲಿಲ್ಲ!” ಎಂದು ಚೂಟಿ ಕೂಗಿ ಮೂರನೇ ಟಿಕ್ ಹಾಕಿದಳು.

ಅವನಿಗೆ ಆರು ತಿಂಗಳಾಗಲು ಇನ್ನೂ ಹನ್ನೆರಡು ದಿನ ಇತ್ತು. ಅಮ್ಮ ನೋಟ್‌ಬುಕ್ ನೋಡಿದಳು, ಬುರ್ರಣ್ಣನನ್ನು ನೋಡಿದಳು, ಮತ್ತೆ ನೋಟ್‌ಬುಕ್ ನೋಡಿದಳು.

“ನಾನು ಹಿಡ್ಕೊಂಡಾಗ ವಾಲ್ತಾನಲ್ಲೇ? ನಿಜವಾಗ್ಲೂ ಕೂತಿದ್ನಾ?”

“ಹತ್ತರವರೆಗೆ ಎಣಿಸಿದೆ” ಎಂದಳು ಚೂಟಿ. ಅದು ಸುಳ್ಳಲ್ಲ.

“ಹೂಂ. ಹನ್ನೆರಡು ದಿನ ತಾನೇ. ಭಾನುವಾರ ಒಂದು ಚಮಚ ಕೊಟ್ಟು ನೋಡೋಣ.”

ಅಪ್ಪ ಕುರ್ಚಿಯ ಮೇಲಿನ ಬಟ್ಟೆ ಎಳೆದು ಗಾಳಿಯಲ್ಲಿ ತಿರುಗಿಸಿದ.

ಭಾನುವಾರ ಹನ್ನೊಂದು ಗಂಟೆಗೆ ಎಲ್ಲರೂ ಅಡುಗೆಮನೆಯಲ್ಲಿ ಸೇರಿದರು. ಅಮ್ಮ ಒಂದು ಕ್ಯಾರೆಟ್ ಬೇಯಿಸಿ, ಗಂಟೇ ಇಲ್ಲದಂತೆ ನುಣ್ಣಗೆ ಅರೆದಿದ್ದಳು. ಅಪ್ಪ ಮದುಮಗನನ್ನು ಕೂರಿಸುವ ಹಾಗೆ ಬುರ್ರಣ್ಣನನ್ನು ಕುರ್ಚಿಯಲ್ಲಿ ಕೂರಿಸಿ ಬೆಲ್ಟು ಹಾಕಿದ. ಅಜ್ಜಿ ಗಂಟಲು ಸರಿಮಾಡಿಕೊಂಡರು.

“ದಯವಿಟ್ಟು ಗಮನಿಸಿ. ತಟ್ಟೆಯಿಂದ ಹೊರಟಿರುವ ಕ್ಯಾರೆಟ್ ಎಕ್ಸ್‌ಪ್ರೆಸ್ ಇನ್ನು ಕೆಲವೇ ಕ್ಷಣಗಳಲ್ಲಿ ಬಾಯಿಗೆ ಆಗಮಿಸಲಿದೆ.”

ಬುರ್ರಣ್ಣ ಮೆಲ್ಲಗೆ ಎಡಕ್ಕೆ ವಾಲಿದ. ಅಪ್ಪ ಅವನನ್ನು ನೆಟ್ಟಗೆ ಮಾಡಿದ. ಅವನು ಬಲಕ್ಕೆ ವಾಲಿದ. ಅಪ್ಪ ಮತ್ತೆ ನೆಟ್ಟಗೆ ಮಾಡಿದ. ಈ ಸಲ ಅವನು ಬೆಲ್ಟಿನ ಕೆಳಗೆ ಜಾರತೊಡಗಿದ. ಹಲಗೆಯ ಮೇಲೆ ಮೂಗು ಮಾತ್ರ ಉಳಿಯಿತು.

“ಅಳತೆ ಸರಿಯಾಗೇ ಇತ್ತಲ್ಲ!” ಎಂದು ಅಪ್ಪ ಗೊಣಗಿದ. ಅವನನ್ನು ಮೇಲೆತ್ತಿ ಎರಡೂ ಕೈಯಿಂದ ಹಿಡಿದುಕೊಂಡ.

ಅಮ್ಮ ಚಮಚದ ತುದಿಯಲ್ಲಿ ಚೂರು ಕ್ಯಾರೆಟ್ ತೆಗೆದು ತುಟಿಗಿಟ್ಟಳು. ಕ್ಯಾರೆಟ್ ಒಳಗೆ ಹೋಯಿತು. ಎಲ್ಲರೂ ಮುಂದಕ್ಕೆ ಬಾಗಿದರು. ನಾಲಿಗೆ ಬಂತು. ಕ್ಯಾರೆಟ್ ಹಾಗೆಯೇ, ಒಂದು ಚೂರೂ ಕಮ್ಮಿಯಾಗದೆ, ಗಲ್ಲದ ಮೇಲೆ ಇಳಿಯಿತು.

“ಎಕ್ಸ್‌ಪ್ರೆಸ್ ಹಿಂದಕ್ಕೆ ಬಂತು” ಎಂದರು ಅಜ್ಜಿ. “ಇನ್ನೊಂದು ಬಿಡು, ಇನ್ನೊಂದು ಬಿಡು!”

ಎರಡನೇ ಚಮಚ ಬಾಯಿಗೆ ಹೋಗುತ್ತಿದ್ದಂತೆ ಅಪ್ಪನಿಗೆ ಸೀನು ಬಂತು. ಬುರ್ರಣ್ಣನಿಗೆ ಅಷ್ಟು ಸಾಕು.

“ಬುರ್ರ್ರ್ರ್ರ್ರ್!”

ಅಜ್ಜಿಯ ಕನ್ನಡಕ ಕಿತ್ತಳೆ ಬಣ್ಣವಾಯಿತು. ಅಪ್ಪನ ಗಡ್ಡದಲ್ಲಿ ಚುಕ್ಕಿ, ಗೋಡೆಯ ಕ್ಯಾಲೆಂಡರಿನಲ್ಲಿ ಚುಕ್ಕಿ, ಚೂಟಿಯ ತೆರೆದ ಬಾಯಿಯೊಳಗೂ ಒಂದು ಚುಕ್ಕಿ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಕನ್ನಡಕ ತೆಗೆಯದೆ ಅಜ್ಜಿ, “ಮುಂದೆ ಏನೂ ಕಾಣ್ತಿಲ್ಲ, ಎಲ್ಲ ರೈಲೂ ರದ್ದು!” ಎಂದರು.

ಆಗ ಬುರ್ರಣ್ಣ ಕೆಮ್ಮಿದ.

ಒಂದು ಸಲ, ಎರಡು ಸಲ, ಆಮೇಲೆ ಬಿಡದೆ ಕೆಮ್ಮಿದ. ಅವನ ಮುಖ ಟೊಮ್ಯಾಟೊ ಹಾಗೆ ಕೆಂಪಗಾಯಿತು, ಕಣ್ಣಲ್ಲಿ ನೀರು ತುಂಬಿತು. ನಗು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಅಮ್ಮ ಚಮಚ ಬಿಸಾಕಿ, ಬೆಲ್ಟು ಬಿಚ್ಚಿ ಅವನನ್ನು ಎತ್ತಿಕೊಂಡಳು. ಬಾಯಿಂದ ಕ್ಯಾರೆಟ್ ಹೊರಗೆ ಬಂತು. ಬುರ್ರಣ್ಣ ಒಂದು ದೊಡ್ಡ ಉಸಿರು ಎಳೆದು, ಮೇಲಿನ ಮನೆಗೆ ಕೇಳುವಂತೆ ಅತ್ತ.

“ಏನಿಲ್ಲ, ಏನಿಲ್ಲ, ಆಯ್ತು ಕಂದ” ಎಂದು ಅಮ್ಮ ಅವನನ್ನು ಹೆಗಲಿಗೆ ಹಾಕಿಕೊಂಡು ಓಡಾಡಿದಳು.

ಏನೂ ಆಗಿರಲಿಲ್ಲ. ಎರಡೇ ನಿಮಿಷಕ್ಕೆ ಅವನು ಅಮ್ಮನ ಕಿವಿ ಎಳೆಯುತ್ತಿದ್ದ. ಆದರೆ ಚೂಟಿ ನಿಂತಲ್ಲೇ ನಿಂತಿದ್ದಳು. ಬಾಯಲ್ಲಿದ್ದ ಕ್ಯಾರೆಟ್ಟಿನ ಚುಕ್ಕಿಯನ್ನು ನುಂಗಲೂ ಆಗಲಿಲ್ಲ, ಉಗಿಯಲೂ ಆಗಲಿಲ್ಲ.

ಅಮ್ಮ ತಿರುಗಿ ನೋಡಿದಳು. “ಚೂಟಿ, ತಾನೇ ಕೂರ್ತಾನೆ ಅಂತ ಬರೆದಿದ್ಯಲ್ಲೇ?”

“ಕೂತಿದ್ದ.”

“ಎಲ್ಲಿ?”

“...ಬುಟ್ಟೀಲಿ.”

“ಯಾವ ಬುಟ್ಟಿ?”

“ಬಟ್ಟೆ ಬುಟ್ಟಿ. ಎರಡು ದಿಂಬು ಇಟ್ಟಿದ್ದೆ. ಅಪ್ಪನ ಸ್ವೆಟರೂ ಇತ್ತು.”

“ಅದಕ್ಕೇನೇ ಸ್ವೆಟರ್ ತುಂಬಾ ಜೊಲ್ಲು!” ಎಂದ ಅಪ್ಪ. “ನಾನು ಬೆಕ್ಕು ಅಂದ್ಕೊಂಡಿದ್ದೆ.”

“ನಾಲಿಗೆ?” ಅಮ್ಮ ಬಿಡಲಿಲ್ಲ.

“ಆರು ಸಲ ತಳ್ಳಿದ. ಏಳನೇ ಸಲ ಆಕಳಿಸಿದ.” ಚೂಟಿಯ ದನಿ ಒಡೆಯಿತು. ಒಡೆದ ಮೇಲೆ ನಿಲ್ಲಲಿಲ್ಲ. “ಅವನು ಊಟ ಶುರು ಮಾಡಿದ್ರೆ ತಾನೇ ನೀನು ಸೈಕಲ್ ಕಲಿಸೋದು? ನೀನೇ ಅಂದಿದ್ದು! ನಂಗೇನು ಗೊತ್ತು ಅವನು ಕೆಮ್ಮುತ್ತಾನೆ ಅಂತ! ನನ್ನಿಂದಾನೇ ಅವನಿಗೆ...”

ಮುಂದಿನದೆಲ್ಲ ಅಳುವಿನಲ್ಲಿ ಕಲಸಿಹೋಯಿತು. ಅಕ್ಕ ಅಳುವುದನ್ನು ಕಂಡು ಬುರ್ರಣ್ಣನೂ ಮತ್ತೆ ಶುರು ಮಾಡಿದ.

ಅಮ್ಮ ಬುರ್ರಣ್ಣನನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡಳು. “ನಾನು ಹಾಗಂದ್ನಾ?”

“ಅಂದೆ. ಬಟ್ಟೆ ಹಿಂಡ್ತಾ ಅಂದೆ.”

“ಅಯ್ಯೋ ದೇವರೇ. ಹಿಂಡ್ತಾ ಏನೇನು ಅಂತೀನೋ ನಂಗೇ ಗೊತ್ತಿರಲ್ಲ.” ಅಮ್ಮ ನೆಲದ ಮೇಲೆ ಕೂತು, ಒಂದು ತೊಡೆಯ ಮೇಲೆ ಬುರ್ರಣ್ಣನನ್ನೂ ಇನ್ನೊಂದು ತೊಡೆಯ ಮೇಲೆ ಚೂಟಿಯನ್ನೂ ಎಳೆದುಕೊಂಡಳು. ಚೂಟಿಯ ಕಾಲು ಒಲೆಯವರೆಗೆ ಚಾಚಿತ್ತು. “ಇಲ್ಲದ ಟಿಕ್ ಹಾಕಿದ್ದು ತಪ್ಪು. ಅದನ್ನ ಇನ್ನೊಂದ್ಸಲ ಮಾಡಬೇಡ. ಆದ್ರೆ ನಿನ್ನ ಸೈಕಲನ್ನ ಇವನ ಹೊಟ್ಟೆಗೆ ಗಂಟು ಹಾಕಿದ್ದು ನನ್ನ ತಪ್ಪು. ಅವನು ಹಾಲು ಕುಡಿದು ಮಲಗಿದ ಮೇಲೆ ಅರ್ಧ ಗಂಟೆ ಸಿಗುತ್ತೆ. ಅಷ್ಟು ಸಾಕಾ?”

ಚೂಟಿ ಮೂಗು ಒರೆಸಿಕೊಳ್ಳುತ್ತಾ ತಲೆಯಾಡಿಸಿದಳು.

“ಅರ್ಧ ಗಂಟೆ ಇವನ ಜವಾಬ್ದಾರಿ ನಂದು” ಎಂದರು ಅಜ್ಜಿ, ಕನ್ನಡಕ ಒರೆಸುತ್ತಾ.

ಮಾರನೆಯ ಸಂಜೆಯೇ ಸೈಕಲ್ ಹೊರಗೆ ಬಂತು. ಚೂಟಿ ಮೊದಲ ದಿನ ಕಸದ ಡಬ್ಬಿಗೆ ಗುದ್ದಿದಳು. ಎರಡನೆಯ ದಿನ ಅದೇ ಡಬ್ಬಿಗೆ ಇನ್ನೊಂದು ಕಡೆಯಿಂದ ಗುದ್ದಿದಳು. “ಕೈ ಬಿಟ್ಬಿಡೇ, ತಾನೇ ಕಲೀತಾಳೆ!” ಎಂದು ಅಪ್ಪ ಗೇಟಿನಿಂದ ಕೂಗಿದ.

“ಬಿಡಬೇಡಮ್ಮಾ! ಬಿಡಬೇಡ, ಬಿಡಬೇಡ!” ಎಂದು ಚೂಟಿ ಅದಕ್ಕಿಂತ ಜೋರಾಗಿ ಕಿರುಚಿದಳು.

ಅಮ್ಮ ಬಿಡಲಿಲ್ಲ. ಸೀಟು ಹಿಡಿದುಕೊಂಡು, ಏದುಸಿರು ಬಿಡುತ್ತಾ ಬೀದಿಯ ಕೊನೆಯವರೆಗೂ ಓಡಿದಳು.

ನೋಟ್‌ಬುಕ್‌ನಲ್ಲಿ ಚೂಟಿ ಮೂರೂ ಟಿಕ್ ಅಳಿಸಿಹಾಕಿದಳು. ಬುಟ್ಟಿ, ದಿಂಬು, ಸ್ವೆಟರ್, ಚಪ್ಪಲಿ, ಆಕಳಿಕೆ ಎಲ್ಲವನ್ನೂ ಬರೆದಳು. ಅದನ್ನು ಓದಿ ವಿಜ್ಞಾನದ ಮಿಸ್ ಸ್ಟಾಫ್ ರೂಮಿನಲ್ಲಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರಂತೆ. ಪುಟದ ಕೊನೆಗೆ ಕೆಂಪು ಶಾಯಿಯಲ್ಲಿ, ‘ಈಗ ಸರಿಯಾಗಿ ನೋಡಿದ್ದೀಯ. ಮುಂದುವರಿಸು’ ಎಂದು ಬರೆದಿದ್ದರು.

ಚೂಟಿ ಮುಂದುವರಿಸಿದಳು. ಈಗ ಅವಳಿಗೆ ಅವಸರವಿರಲಿಲ್ಲವಲ್ಲ, ಹಾಗಾಗಿ ಮೊದಲು ಕಾಣದ್ದೆಲ್ಲ ಕಾಣತೊಡಗಿತು. ಬುರ್ರಣ್ಣನ ಬುರ್ರ್‌ಗಳು ಒಂದೇ ಥರ ಇರಲಿಲ್ಲ. ಹಸಿವಿನದು ಗಿಡ್ಡ. ಖುಷಿಯದು ಉದ್ದ. ನಿದ್ದೆಯದಕ್ಕೆ ಕೊನೆಯಲ್ಲಿ ಒಂದು ‘ಊಂ’ ಇರುತ್ತಿತ್ತು.

ಆರು ತಿಂಗಳು ತುಂಬಿದ ದಿನ ಅಪ್ಪ ಕುರ್ಚಿ ಒರೆಸಿ ನಿಂತ. ಅಮ್ಮ ಚೂಟಿಯ ಮುಖ ನೋಡಿದಳು.

“ಇವತ್ತು ಬೇಡಮ್ಮ. ಇನ್ನೂ ಎಡಕ್ಕೆ ವಾಲ್ತಾನೆ” ಎಂದಳು ಚೂಟಿ.

ಅಪ್ಪ ನಿಟ್ಟುಸಿರು ಬಿಟ್ಟು ಆನೆಯ ಮೇಲೆ ಬಟ್ಟೆ ಮುಚ್ಚಿದ.

ನಾಲ್ಕು ದಿನ ಕಳೆಯಿತು. ಬೆಳಿಗ್ಗೆ ಚೂಟಿ ತಿಂಡಿ ತಿನ್ನುತ್ತಿದ್ದಳು. ಅಪ್ಪನ ತೊಡೆಯ ಮೇಲೆ ಬುರ್ರಣ್ಣ ಕೂತಿದ್ದ. ಅಪ್ಪನ ಒಂದು ಕೈ ಸುಮ್ಮನೆ ಅವನ ಸೊಂಟದ ಹತ್ತಿರ ಇತ್ತು, ಅಷ್ಟೇ. ಚೂಟಿ ತುತ್ತು ಎತ್ತಿದಳು. ಬುರ್ರಣ್ಣನ ಬಾಯಿ ತೆರೆಯಿತು. ಅವಳು ಅಗಿದಳು. ಅವನೂ ಹಲ್ಲಿಲ್ಲದ ಬಾಯಲ್ಲಿ ಬರೀ ಗಾಳಿಯನ್ನು ಅಗಿದ. ಅವಳು ಕೈಯನ್ನು ಎಡಕ್ಕೆ ಸರಿಸಿದಳು. ಅವನ ಕಣ್ಣು ಎಡಕ್ಕೆ ಹೋಯಿತು. ಬಲಕ್ಕೆ ಸರಿಸಿದಳು. ಕಣ್ಣು ಬಲಕ್ಕೆ ಬಂತು. ಮೈ ವಾಲಲಿಲ್ಲ.

“ಅಮ್ಮಾ” ಎಂದಳು ಚೂಟಿ, ಜೋರಾಗಿ ಮಾತಾಡಿದರೆ ಏನೋ ಹಾರಿಹೋಗುತ್ತದೆ ಎಂಬಂತೆ. “ಬಂದು ನೋಡು. ದಿಂಬು ಇಲ್ಲ.”

ಅಮ್ಮ ಸಿಹಿಕುಂಬಳಕಾಯಿ ಬೇಯಿಸಿ ನುಣ್ಣಗೆ ಮಾಡಿದಳು. ಚಮಚವನ್ನು ಚೂಟಿಯ ಕೈಗೇ ಕೊಟ್ಟಳು. ಆನೆಯ ಕುರ್ಚಿಯಲ್ಲಿ ಬುರ್ರಣ್ಣ ಸಾಹೇಬರ ಹಾಗೆ ನೆಟ್ಟಗೆ ಕೂತ. ಅಜ್ಜಿ ಪ್ರಕಟಣೆಗೆ ಬಾಯಿ ತೆರೆದರು. ಆದರೆ ಅಷ್ಟರಲ್ಲಿ ಚಮಚ ಒಳಗೆ ಹೋಗಿತ್ತು.

ನಾಲಿಗೆ ಬರಲಿಲ್ಲ.

ಬುರ್ರಣ್ಣ ಹುಬ್ಬು ಗಂಟಿಕ್ಕಿದ. ಏನೋ ದೊಡ್ಡ ಲೆಕ್ಕ ಬಿಡಿಸುವವನಂತೆ ಗೋಡೆ ನೋಡಿದ. ಗಂಟಲು ಮೇಲೆ ಹೋಗಿ ಕೆಳಗೆ ಬಂತು. ಬಾಯಿ ಮತ್ತೆ ತೆರೆಯಿತು.

ಮೂವತ್ತೊಂದು ವರ್ಷ ಒಂದು ದಿನವೂ ಮೈಕ್ ಮುಂದೆ ತಡವರಿಸದ ಅಜ್ಜಿಗೆ ಒಂದು ಮಾತೂ ಹೊರಡಲಿಲ್ಲ. ಕನ್ನಡಕ ತೆಗೆದು ಸೀರೆ ಸೆರಗಿನಿಂದ ಒರೆಸಿಕೊಂಡರು. ಈ ಸಲ ಕನ್ನಡಕಕ್ಕೆ ಏನೂ ಸಿಡಿದಿರಲಿಲ್ಲ.

ಎರಡನೇ ಚಮಚ ಹೋಯಿತು. ಮೂರನೆಯದು ಅರ್ಧ ಹೋಯಿತು, ಅರ್ಧ ಗಲ್ಲದಲ್ಲಿ ಉಳಿಯಿತು.

ನಾಲ್ಕನೆಯದನ್ನು ಎತ್ತಿದಾಗ ಬುರ್ರಣ್ಣ ಬಾಯಿ ತೆರೆಯಲಿಲ್ಲ.

“ಇನ್ನೊಂದೇ ಒಂದು, ರಾಜಾ!” ಎಂದರು ಅಜ್ಜಿ, ದನಿ ಮರಳಿ ಬಂದು. “ಬಟ್ಟಲಲ್ಲಿ ಇನ್ನೂ ಎಷ್ಟೊಂದಿದೆ! ಆ... ಅನ್ನು!”

“ಆ... ನೋಡು, ಹೀಗೆ, ಆ...” ಎಂದ ಅಪ್ಪ.

“ಆ...” ಎಂದಳು ಅಮ್ಮ ಕೂಡ, ತನಗೇ ತಿಳಿಯದೆ.

ಮೂರು ದೊಡ್ಡ ಬಾಯಿಗಳು ಅಗಲವಾಗಿ ತೆರೆದು ನಿಂತವು. ಅವುಗಳ ನಡುವೆ ಒಂದು ಪುಟ್ಟ ಬಾಯಿ ಗಟ್ಟಿಯಾಗಿ ಮುಚ್ಚಿತ್ತು. ಬುರ್ರಣ್ಣ ಮುಖವನ್ನು ಮೆಲ್ಲಗೆ ಕಿಟಕಿಯ ಕಡೆ ತಿರುಗಿಸಿದ.

ಚೂಟಿಯ ಕೈಯಲ್ಲಿ ಚಮಚ ತುಂಬಿತ್ತು. ಅವಳು ಬಟ್ಟಲನ್ನು ನೋಡಲಿಲ್ಲ, ತೆರೆದ ಮೂರು ಬಾಯಿಗಳನ್ನೂ ನೋಡಲಿಲ್ಲ. ತಮ್ಮನನ್ನು ಮಾತ್ರ ನೋಡಿದಳು.

ಆಮೇಲೆ ಚಮಚವನ್ನು ಕೆಳಗಿಟ್ಟಳು.

“ಸಾಕಂತೆ” ಎಂದಳು.